ಇರ್ಕಲ್ ಪ್ಯಾಟರ್ನ್, ಪ್ಯೂರ್ ಆರ್ಟ್ ಸಿಲ್ಕ್

ಮುಂಬಯಿಯ ದಾದರ್ ಕಡೆಯ ಸೀರೆ ಅಂಗಡಿಗಳಲ್ಲಿ 'ಇಳಕಲ್' ಎಂದರೆ ಅರ್ಧ ಜನಕ್ಕೆ ತಿಳಿಯುವುದಿಲ್ಲ. 'ಇರ್ಕಲ್' ಎನ್ನಬೇಕು. ಎಂದ ಕೂಡಲೇ ಕಟ್ಟುಕಟ್ಟು ಸೀರೆಗಳು ಮುಂದೆ ಬಂದು ಬೀಳುತ್ತವೆ. ಕೆಲವು ನಿಜವಾದವು, ಹೆಚ್ಚಿನವು ಯಂತ್ರದ ಮಗ್ಗದಲ್ಲಿ ಅಂಚು ಮಾತ್ರ ಹಾಗೆ ಕಾಣುವಂತೆ ನೇಯ್ದವು, ಇನ್ನು ಕೆಲವಂತೂ ಬರೀ ಅಚ್ಚು ಹೊಡೆದವು. ಇದು ಇಳಕಲ್‌ನದೇನಪ್ಪಾ ಎಂದು ಒತ್ತಿ ಕೇಳಿದರೆ ಹುಡುಗ ತಡವರಿಸುವುದೇ ಇಲ್ಲ. "ಇರ್ಕಲ್ ಪ್ಯಾಟರ್ನ್ ಆಹೆ ತಾಯಿ" ಎನ್ನುತ್ತಾನೆ. ಪ್ಯಾಟರ್ನ್ ಎಂಬ ಆ ಒಂದು ಮಾತಿನಲ್ಲಿ ಊರೂ ಹೋಯಿತು, ಮಗ್ಗವೂ ಹೋಯಿತು, ನೇಕಾರನೂ ಹೋದ. ಅವನು ಸುಳ್ಳು ಹೇಳಿದ ಎನ್ನಲೂ ಬರುವುದಿಲ್ಲ. ಜವಳಿ ವ್ಯಾಪಾರದ ಭಾಷೆಯ ಜಾಣತನವೆಲ್ಲ ಇರುವುದು ಇಲ್ಲೇ.

ನಾನು ಹುನಗುಂದ ತಾಲೂಕಿನವನು. 1974ರಲ್ಲಿ ಮುಂಬಯಿಗೆ ಬಂದು ಮೂಲಜಿ ಜೇಠಾ ಮಾರ್ಕೆಟ್ಟಿನ ಒಂದು ಪೇಢಿಯಲ್ಲಿ ಲೆಕ್ಕ ಬರೆಯಲು ಕೂತವನು, ಏಳುವ ಹೊತ್ತಿಗೆ ಮೂವತ್ತು ವರ್ಷ ಮೀರಿತ್ತು. ಬಿಳಿ ಗಾದಿಯ ಮೇಲೆ ಕೂತು ದಿನವಿಡೀ ಕೇಳಿದ್ದು ಬಟ್ಟೆಯ ಹೆಸರುಗಳನ್ನೇ. ಊರಿನಲ್ಲಿ ನಾವು 'ಅರಿವಿ' ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದುದಕ್ಕೆ ಇಲ್ಲಿ ಇನ್ನೂರು ಹೆಸರು. ಅವುಗಳಲ್ಲಿ ಎಷ್ಟು ಬಟ್ಟೆಯ ಗುಣ ಹೇಳುತ್ತವೆ, ಎಷ್ಟು ಗುಣವನ್ನು ಮುಚ್ಚಲೆಂದೇ ಹುಟ್ಟಿದವು ಎಂದು ವಿಚಾರ ಮಾಡುತ್ತಾ ಹೋದ ಹಾಗೆ ಮುಂಬಯಿಯ ಇತಿಹಾಸವೇ ಅದರಲ್ಲಿ ಸಿಕ್ಕಿಕೊಂಡಿದೆ ಎನಿಸಿತು. ಊರಿನಲ್ಲಿರುವ ನೀವೂ ಈಗ ಇದೇ ಹೆಸರುಗಳನ್ನು ಕೇಳಿಯೇ ಜವಳಿ ತರುತ್ತೀರಿ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಇಳಕಲ್ ಮಾತನ್ನೇ ಮುಗಿಸೋಣ. ನಮ್ಮ ಸೀರೆ ಮರಾಠಿ ಹೆಣ್ಣುಮಕ್ಕಳ ಮೈಮೇಲೆ ಬಂದದ್ದು ನಿನ್ನೆ ಮೊನ್ನೆ ಅಲ್ಲ. ಇಳಕಲ್, ಗುಳೇದಗುಡ್ಡ ಎಲ್ಲ ಆಗ ವಿಜಾಪುರ ಜಿಲ್ಲೆ. ವಿಜಾಪುರ ಜಿಲ್ಲೆ 1956ರವರೆಗೂ ಮುಂಬಯಿ ಪ್ರಾಂತ್ಯದ್ದೇ. ಸೊಲ್ಲಾಪುರ, ಪುಣೆಯ ಪೇಟೆಗಳು ನಮಗೆ ಬೆಂಗಳೂರಿಗಿಂತ ಹತ್ತಿರ. ಒಂಬತ್ತು ಗಜದ ಇರಕಲಿ ಲುಗಡೆ ಎಂದರೆ ಘಟ್ಟದ ಮೇಲಿನ ಮರಾಠಿ ರೈತ ಹೆಂಗಸಿನ ಒಳ್ಳೆಯ ಸೀರೆ. ಅವರ ನಾಲಿಗೆಯಲ್ಲಿ ಇಳಕಲ್ ಇರ್ಕಲ್ ಆದದ್ದಕ್ಕೆ ನನ್ನ ತಕರಾರಿಲ್ಲ. ಉಟ್ಟವರಿಗೆ ಕರೆಯುವ ಹಕ್ಕೂ ಇದೆ.

ಆ ಸೀರೆಯ ವಿಶೇಷ ಅಂಚಿನಲ್ಲಿಲ್ಲ. ಚಿಕ್ಕಿ ಪರಾಸ, ಗೋಮಿ, ಗಾಡಿ ಎಂದು ಅಂಚಿಗೂ ಬಗೆಬಗೆಯ ಹೆಸರಿವೆ, ಆದರೆ ಅಂಚನ್ನು ಯಾರು ಬೇಕಾದರೂ ನಕಲು ಮಾಡಬಹುದು. ವಿಶೇಷ ಇರುವುದು ಮೈ ಮತ್ತು ಸೆರಗು ಕೂಡುವ ಜಾಗದಲ್ಲಿ. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಒಂದೊಂದು ಹತ್ತಿ ಎಳೆಗೂ ಒಂದೊಂದು ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಸೇರಿಸಬೇಕು. ಹೀಗಾಗಿ ಒಂದು ಸೀರೆಗೆ ಒಂದೇ ಹಾಸು. ಬೇರೆ ಸೀರೆಗಳ ಹಾಗೆ ಉದ್ದಕ್ಕೆ ಹಾಸು ಹಾಕಿ, ಹತ್ತಾರು ಸೀರೆ ನೇಯ್ದು, ಆಮೇಲೆ ಕತ್ತರಿಸುವ ಹಾಗಿಲ್ಲ. ಈ ಕೊಂಡಿ ಹಾಕುವ ಕೆಲಸ ಮನೆಯ ಹೆಣ್ಣುಮಕ್ಕಳದು. ಕುಣಿಮಗ್ಗದಲ್ಲಿ ಕೂತ ಗಂಡಸಿನ ಹೆಸರಿಗಾದರೂ ಕೂಲಿ ಬರೆಯುತ್ತಾರೆ, ಕೊಂಡಿ ಹಾಕಿದಾಕೆಯದು ಮನೆಗೆಲಸದ ಲೆಕ್ಕಕ್ಕೇ ಸೇರಿಹೋಗುತ್ತದೆ. ಕೆಂಪು ಸೆರಗಿನ ಮೇಲೆ ಬಿಳಿ ಬಾಚಣಿಕೆ ಹಲ್ಲಿನಂತೆ ಎದ್ದು ನಿಲ್ಲುವ ಟೋಪ್ ತೆನಿ ಆಮೇಲಿನದು. 'ಇರ್ಕಲ್ ಪ್ಯಾಟರ್ನ್' ಸೀರೆಯಲ್ಲಿ ಬಿಟ್ಟುಹೋಗಿರುವುದು ಕೊಂಡಿ. ಉಳಿದದ್ದೆಲ್ಲ ಇರಬಹುದು.

ಊರಿನ ಹೆಸರನ್ನು ಬಟ್ಟೆಗೆ ಅಂಟಿಸಿ, ಆಮೇಲೆ ಊರನ್ನೇ ಮರೆಸುವ ಈ ವಿದ್ಯೆ ಹಳೆಯದು. ಮುಂಬಯಿಯಲ್ಲೇ ಒಂದು ಉದಾಹರಣೆ ಇದೆ. ಬಂದರಿನ ಪಕ್ಕದ ಡೋಂಗ್ರಿಯಲ್ಲಿ ಮಾರುತ್ತಿದ್ದ ದಪ್ಪನೆಯ ಒರಟು ಬಟ್ಟೆಗೆ ಡುಂಗ್ರಿ ಎಂದು ಹೆಸರು. ಈಸ್ಟ್ ಇಂಡಿಯಾ ಕಂಪನಿಯವರು ಅದನ್ನು ಕೊಂಡು ಹೋದರು, ಹಡಗಿನ ಪಟಕ್ಕೂ ಕೂಲಿಯವರ ಚಲ್ಲಣಕ್ಕೂ ಬಳಸಿದರು. ಈಗ ಮಾಲ್‌ಗಳಲ್ಲಿ ಮಕ್ಕಳಿಗೆ ಹೆಗಲಪಟ್ಟಿಯ 'ಡಂಗ್ರಿ' ಎಂದು ಸಾವಿರಾರು ರೂಪಾಯಿಗೆ ಮಾರುವುದು ಅದೇ ಹೆಸರನ್ನು. ಡೋಂಗ್ರಿಯಲ್ಲಿ ಈಗ ಆ ಬಟ್ಟೆ ಇಲ್ಲ, ಮಾರುವ ಹುಡುಗಿಗೆ ಡೋಂಗ್ರಿ ಗೊತ್ತಿದ್ದರೂ ಸಂಬಂಧ ಗೊತ್ತಿಲ್ಲ. ನಮ್ಮ ಕಡೆ ಹಳಬರು ಅನ್ನುತ್ತಿದ್ದ ಮಾದರಪಾಟ ಬಟ್ಟೆಯೂ ಹಾಗೆಯೇ. ಗೋದಾವರಿ ಮುಖಜದ ಮಾಧವಪಾಳೆಂ ಎಂಬ ಊರು ಇಂಗ್ಲಿಷರ ಬಾಯಲ್ಲಿ ಮಡಪೋಲಂ ಆಯಿತು, ಅದೇ ಮಾದರಪಾಟ ಎನ್ನುತ್ತಾರೆ. ಅಲ್ಲಿಯ ನೇಕಾರರ ಬಟ್ಟೆಯನ್ನು ಕಂಪನಿ ಕೊಂಡಿತು. ಆಮೇಲೆ ಲ್ಯಾಂಕಷೈರಿನ ಗಿರಣಿಗಳು ಅಂಥದ್ದನ್ನೇ ನೇಯ್ದು, ಅದೇ ಹೆಸರಿಟ್ಟು, ಹಡಗಿನಲ್ಲಿ ತುಂಬಿ ನಮಗೇ ತಂದು ಮಾರಿದವು. ಹೆಸರು ಮಾತ್ರ ಮರಳಿ ಬಂತು, ಕೂಲಿ ಅಲ್ಲೇ ಉಳಿಯಿತು. ಇರ್ಕಲ್ ಪ್ಯಾಟರ್ನಿಗೂ ಮಡಪೋಲಂಗೂ ನನಗೆ ಬಹಳ ವ್ಯತ್ಯಾಸ ಕಾಣುವುದಿಲ್ಲ.

ಲ್ಯಾಂಕಷೈರಿನವರ ಬಗ್ಗೆ ಇನ್ನೊಂದು ಮಾತು ಹೇಳಿಬಿಡಬೇಕು. ಬಟ್ಟೆಗೆ ಗಂಜಿ ಹಾಕುವುದು ಎಲ್ಲ ಕಡೆ ಇದ್ದದ್ದೇ. ಅಮೆರಿಕದ ಅಂತರ್ಯುದ್ಧದಿಂದ 1860ರ ದಶಕದಲ್ಲಿ ಹತ್ತಿ ತುಟ್ಟಿಯಾದಾಗ ಅವರು ಗಂಜಿಯ ಜೊತೆ ಬಿಳಿ ಜೇಡಿಮಣ್ಣನ್ನೂ ತುಂಬತೊಡಗಿದರು. ಬಟ್ಟೆ ಕೈಗೆ ತೂಕವಾಗಿ, ದಪ್ಪವಾಗಿ ಸಿಗುತ್ತಿತ್ತು. ಒಂದು ಸಲ ಒಗೆದರೆ ಜಾಳುಜಾಳು. ಮಳೆಗಾಲದ ಹಡಗಿನಲ್ಲಿ ಬೂಸು ಹಿಡಿದು ಬಂದದ್ದಕ್ಕೆ ವ್ಯಾಪಾರಿಗಳ ದೂರುಗಳಿಗೂ ಕಡಿಮೆ ಇರಲಿಲ್ಲ. ಅಂಥ ಥಾನುಗಳ ಮೇಲೆ ಬಣ್ಣಬಣ್ಣದ ಚೀಟಿ: ಕೃಷ್ಣ, ಲಕ್ಷ್ಮಿ, ಹುಲಿ, ಮಹಾರಾಜ. ಓದು ಬಾರದ ಗಿರಾಕಿ ಚಿತ್ರ ನೋಡಿ ಕೊಳ್ಳುತ್ತಿದ್ದ. 1889ರಲ್ಲಿ ಸರಕಾರ ವ್ಯಾಪಾರದ ಗುರುತುಗಳ ಬಗ್ಗೆ ಕಾಯ್ದೆ ಮಾಡಿತು, ಥಾನಿನ ಮೇಲೆ ಗಜದ ಲೆಕ್ಕ ಮುದ್ರೆ ಹೊಡೆಯಬೇಕು ಎಂದಾಯಿತು. ಅಳತೆ ಸರಿಯಾಯಿತು ಅನ್ನೋಣ. ಒಳಗಿನ ಮಣ್ಣಿಗೆ ಮುದ್ರೆ ಇರಲಿಲ್ಲ.

ಒಂದು ಪದದ ಮಾನ ಕಾಯಲೆಂದೇ ಕಾನೂನು ಬಂದದ್ದು ಇದಾದ ಮೇಲೆ. ಆ ಪದ ಖಾದಿ. ಅಸಹಕಾರ ಚಳವಳಿಯ ದಿನಗಳಲ್ಲಿ ಖಾದಿಗೆ ಬೇಡಿಕೆ ಬಂದ ಕೂಡಲೇ ನಮ್ಮ ಗಿರಣಿಗಳು, ಇದೇ ಮುಂಬಯಿ ಅಹಮದಾಬಾದಿನವು, ದಪ್ಪ ನೂಲಿನ ಒರಟು ಬಟ್ಟೆ ಮಾಡಿ ಖಾದಿ ಎಂದು ಮಾರಿದವು. ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಇದನ್ನು ಮತ್ತೆ ಮತ್ತೆ ಖಂಡಿಸಿ ಬರೆಯಬೇಕಾಯಿತು. ಕೊನೆಗೆ 1934ರಲ್ಲಿ 'ಖದ್ದರ್ ಹೆಸರು ರಕ್ಷಣೆ'ಯ ಕಾಯ್ದೆಯೇ ಬಂತು. ಖದ್ದರ್ ಅಥವಾ ಖಾದಿ ಎಂದು ಬಟ್ಟೆಯ ಮೇಲೆ ಬರೆದರೆ ಅದು ಭಾರತದಲ್ಲಿ ಕೈಯಿಂದ ನೂತ ಹತ್ತಿಯ ನೂಲಿನಿಂದ ಭಾರತದಲ್ಲೇ ಕೈಮಗ್ಗದಲ್ಲಿ ನೇಯ್ದದ್ದು ಎಂದೇ ಅರ್ಥ. ತಮಾಷೆ ನೋಡಿ, ಖಾದಿ ಉಟ್ಟವರನ್ನು ಜೈಲಿಗೆ ಹಾಕುತ್ತಿದ್ದ ಸರಕಾರವೇ ಖಾದಿಯ ಹೆಸರನ್ನು ಕಾಯಲು ನಿಂತಿತು.

ಸ್ವಾತಂತ್ರ್ಯ ಬಂದ ಮೇಲೆ 1956ರ ಖಾದಿ ಗ್ರಾಮೋದ್ಯೋಗ ಆಯೋಗದ ಕಾಯ್ದೆಯಲ್ಲಿ ಹತ್ತಿಯ ಜೊತೆ ರೇಷ್ಮೆ, ಉಣ್ಣೆ ಸೇರಿದವು. ಮುಂದೆ ಪಾಲಿಯೆಸ್ಟರ್ ಬೆರೆಸಿದ 'ಪಾಲಿವಸ್ತ್ರ'ವನ್ನು ಖಾದಿ ಭಂಡಾರಗಳೇ ಮಾರತೊಡಗಿದವು. ಅದು ಇಸ್ತ್ರಿ ಬೇಡದ್ದು, ಬಾಳಿಕೆ ಬರುವುದು, ಎಲ್ಲ ಸರಿ. ಆದರೂ ಕಾನೂನು ಮಾಡಿ ಕಾಯ್ದ ಮನೆಯವರೇ ಹಿತ್ತಿಲ ಬಾಗಿಲು ತೆರೆದ ಹಾಗಾಯಿತಲ್ಲ ಎಂದು ನನಗೆ ಅನ್ನಿಸುತ್ತದೆ. 2013ರಲ್ಲಿ ಖಾದಿ ಮಾರ್ಕ್ ನಿಯಮಗಳು ಬಂದವು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಮಾಡುವ ಹೆಣ್ಣುಮಕ್ಕಳಿಗೆ ಈ ಮಾತಿನ ಬೆಲೆ ನಮಗಿಂತ ಚೆನ್ನಾಗಿ ಗೊತ್ತು. ಧ್ವಜದ ಬಟ್ಟೆಯ ಎಳೆ, ತೂಕ, ಬಣ್ಣ ಎಲ್ಲಕ್ಕೂ ಅಲ್ಲಿ ಪರೀಕ್ಷೆ. ಒಂದರಲ್ಲಿ ತಪ್ಪಿದರೂ ಆ ಮಾಲು ವಾಪಸ್. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ ಯಂತ್ರದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಕೊಟ್ಟ ಮೇಲೆ ಅವರ ಕೆಲಸಕ್ಕೆ ಬಿದ್ದ ಪೆಟ್ಟನ್ನು ಪತ್ರಿಕೆಗಳಲ್ಲಿ ನೀವೂ ಓದಿದ್ದೀರಿ.

ಇನ್ನು ಆರ್ಟ್ ಸಿಲ್ಕ್. ನನ್ನ ಪ್ರಕಾರ ಜವಳಿ ಪೇಟೆಯಲ್ಲಿ ಹುಟ್ಟಿದ ಅತಿ ಜಾಣ ಪದ ಇದೇ. ಆರ್ಟ್ ಎಂದರೆ ಕಲೆ, ಕಲಾತ್ಮಕ ರೇಷ್ಮೆ ಎಂದೇ ಜನ ತಿಳಿಯುತ್ತಾರೆ. ಅದು ಆರ್ಟಿಫಿಷಿಯಲ್ ಎಂಬ ಮಾತಿನ ಬಾಲ ಕತ್ತರಿಸಿ ಉಳಿದ ತಲೆ. ಕೃತಕ ರೇಷ್ಮೆ ಎಂಬುದೇ ನಿಜ ಅರ್ಥ. ಫ್ರಾನ್ಸಿನ ಶಾರ್ಡೊನೆ ಎಂಬಾತ 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಇದನ್ನು ತೋರಿಸಿದ. 1892ರಲ್ಲಿ ಇಂಗ್ಲೆಂಡಿನಲ್ಲಿ ಮರದ ತಿರುಳಿನಿಂದ ವಿಸ್ಕೋಸ್ ಮಾಡುವ ದಾರಿ ಸಿಕ್ಕಿತು. ತಿರುಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ, ಕಾರ್ಬನ್ ಡೈಸಲ್ಫೈಡ್ ಎಂಬ ವಿಷದ ರಾಸಾಯನಿಕ ಸೇರಿಸಿ ಪಾಕ ಮಾಡಿ, ಸಣ್ಣ ರಂಧ್ರಗಳಿಂದ ಆಮ್ಲದೊಳಗೆ ಹಿಂಡಿದರೆ ಹೊಳೆಯುವ ಎಳೆ. ಶಾವಿಗೆ ಒತ್ತಿದ ಹಾಗೆ. ಅಮೆರಿಕದವರು 1924ರಲ್ಲಿ ಇದಕ್ಕೆ ರೇಯಾನ್ ಎಂದು ಬೇರೆ ಹೆಸರಿಟ್ಟರು, 1937ರಲ್ಲಿ ರೇಯಾನನ್ನು ರೇಯಾನ್ ಎಂದೇ ಹೇಳಿ ಮಾರಬೇಕು ಎಂದು ಅಲ್ಲಿ ನಿಯಮ ಬಂತು. ನಮ್ಮಲ್ಲಿ ಆರ್ಟ್ ಸಿಲ್ಕ್ ಹಾಗೇ ಉಳಿಯಿತು. ಸೂರತ್ತಿನಿಂದ ಬರುವ ಬಿಲ್ಲುಗಳಲ್ಲಿ, ಅಂಗಡಿಯ ಹಲಗೆಗಳ ಮೇಲೆ, ಮದುವೆಯ ಯಾದಿಯಲ್ಲಿ. ಒಂದು ಹೆಜ್ಜೆ ಮುಂದೆ ಹೋಗಿ "ಪ್ಯೂರ್ ಆರ್ಟ್ ಸಿಲ್ಕ್ ಹೈ ಭಾಬೀಜಿ" ಎಂದು ಆಣೆ ಇಟ್ಟು ಹೇಳುವವರನ್ನು ನಾನು ಬಹಳ ಸಲ ಕೇಳಿದ್ದೇನೆ. ಅಪ್ಪಟ ನಕಲಿ ಎಂದು ಆಣೆ ಇಟ್ಟರೆ ಅದು ಸುಳ್ಳಾಗುವುದು ಹೇಗೆ?

ಈ ಎಳೆಗೂ ನಮ್ಮ ನಾಡಿಗೂ ಇರುವ ಸಂಬಂಧ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ತುಂಗಭದ್ರೆಯ ದಂಡೆಯ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1970ರ ದಶಕದಿಂದ ಮಾಡಿದ್ದು ರೇಯಾನಿಗೆ ಬೇಕಾದ ಮರದ ತಿರುಳನ್ನೇ. ಅದಕ್ಕಾಗಿ ನೀಲಗಿರಿ. ನೀಲಗಿರಿಗಾಗಿ 1984ರಲ್ಲಿ ಸರಕಾರ ಮತ್ತು ಕಾರ್ಖಾನೆ ಸೇರಿ ಕಟ್ಟಿದ ಪಲ್ಪ್‌ವುಡ್ ಕಂಪನಿಗೆ ಊರೂರಿನ ಗೋಮಾಳ, ಸಿ ಮತ್ತು ಡಿ ವರ್ಗದ ಭೂಮಿ. 1987ರ ನವೆಂಬರಿನಲ್ಲಿ ಕುಸನೂರಿನ ಜನ ಎಸ್. ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಜೊತೆಗೂಡಿ ನೀಲಗಿರಿ ಸಸಿ ಕಿತ್ತು, ಜನಕ್ಕೆ ಉಪಯೋಗದ ಸಸಿ ಹಚ್ಚಿದ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಿಮಗೆ ನೆನಪಿರಬಹುದು. ಹೊಳೆಯಲ್ಲಿ ಮೀನು ಸತ್ತು ತೇಲಿದ್ದೂ ನೆನಪಿರಬಹುದು. ಸೀರೆಯ ಮೇಲಿನ 'ಆರ್ಟ್' ಎಂಬ ಮೂರಕ್ಷರದ ಹಿಂದೆ ಇದೆಲ್ಲ ಇದೆ.

ಈಚೆಗೆ ಇದೇ ವಿಸ್ಕೋಸ್ 'ಬ್ಯಾಂಬೂ' ಎಂಬ ಹೊಸ ವೇಷದಲ್ಲಿ ಬಂದಿದೆ. ಬಿದಿರಿನ ಬಟ್ಟೆ, ಪರಿಸರಸ್ನೇಹಿ, ಚರ್ಮಕ್ಕೆ ತಂಪು ಇತ್ಯಾದಿ. ಬಿದಿರು ಹೌದು, ಆದರೆ ಸಾಮಾನ್ಯವಾಗಿ ಅದೇ ಕಾಸ್ಟಿಕ್, ಅದೇ ಸಲ್ಫೈಡ್, ಅದೇ ಶಾವಿಗೆ. ಅಮೆರಿಕದ ವ್ಯಾಪಾರ ಆಯೋಗ 2009ರಲ್ಲೇ ಇದನ್ನು ಬಿದಿರು ಎನ್ನಬೇಡಿ, ರೇಯಾನ್ ಎನ್ನಿ ಎಂದು ಮಾರುವವರ ಮೇಲೆ ಕ್ರಮ ತೆಗೆದುಕೊಂಡಿತ್ತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಇಳಕಲ್ ಮಗ್ಗಕ್ಕೂ ಈ ಎಳೆ ಬಂದು ಬಹಳ ವರ್ಷಗಳಾದವು. ರೇಷ್ಮೆ ತುಟ್ಟಿಯಾದಾಗ ಸೆರಗಿಗೆ, ಆಮೇಲೆ ಒಡಲಿಗೂ ನೇಕಾರರು ಇದನ್ನೇ ಹಾಕಿದರು. ಆದರೆ ಅವರು ಇದಕ್ಕೆ ಆರ್ಟ್ ಎನ್ನಲಿಲ್ಲ, ಸಿಲ್ಕ್ ಎಂದೂ ಅನ್ನಲಿಲ್ಲ. 'ಚಮಕಾ' ಎಂದರು. ಚಮಕಾಯಿಸುತ್ತದೆ, ಅದಕ್ಕೇ ಚಮಕಾ. ರೇಷ್ಮಿ ಬೇಕೋ ಚಮಕಾ ಬೇಕೋ ಎಂದು ಊರಿನ ಅಂಗಡಿಯಲ್ಲಿ ಮೊದಲೇ ಕೇಳುತ್ತಿದ್ದರು, ದರವೂ ಬೇರೆ. ಇಷ್ಟು ಪ್ರಾಮಾಣಿಕ ಪದ ಮೂಲಜಿ ಜೇಠಾ ಮಾರ್ಕೆಟ್ಟಿನಲ್ಲಿ ನನ್ನ ಕಿವಿಗೆ ಬಿದ್ದದ್ದಿಲ್ಲ.

ನಾನು ಬಂದ ಕಾಲದಲ್ಲಿ ಗಿರಣಿಗಳ ಭೋಂಗಾ ಇನ್ನೂ ಮೂರು ಪಾಳಿಗೂ ಕೂಗುತ್ತಿತ್ತು. ಆಗಿನ ಪದಗಳಿಗೆ ಒಂದು ವಜನ ಇತ್ತು. ಸ್ಯಾನ್ಫರೈಸ್ಡ್ ಎಂದು ಅಂಚಿನ ಮೇಲೆ ಅಚ್ಚಾಗಿದ್ದರೆ, ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ 1930ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಬಟ್ಟೆಯನ್ನು ಮೊದಲೇ ಕುಗ್ಗಿಸಿದ್ದಾರೆ, ಒಗೆದರೆ ಅಂಗಿ ಗಿಡ್ಡ ಆಗುವುದಿಲ್ಲ ಎಂದರ್ಥ. ಮರ್ಸರೈಸ್ಡ್ ಎಂದರೆ ಹತ್ತಿಗೆ ಕಾಸ್ಟಿಕ್ ಕೊಟ್ಟು ಬಿಗಿಯಾಗಿ ಎಳೆದು ಹೊಳಪು ತಂದದ್ದು. ಜಾನ್ ಮರ್ಸರ್ ಎಂಬ ಲ್ಯಾಂಕಷೈರಿನವನ ಹೆಸರು. ಟೂ ಬೈ ಟೂ ಎಂದರೆ ಹಾಸೂ ಹೊಕ್ಕೂ ಎರಡೆರಡು ಎಳೆ ಹುರಿ ಮಾಡಿದ ನೂಲು. ಈಗ ಜಂಪರ್ ಪೀಸು ಮಾರುವವರು ಟೂ ಬೈ ಟೂ ಅನ್ನುವುದು ಒಂದು ಸದ್ದು ಅಷ್ಟೆ. ಏನದು ಎರಡು ಎಂದು ನಮ್ಮ ವೈನಿ ಒಮ್ಮೆ ಕೇಳಿಯೇಬಿಟ್ಟರು. "ಎರಡೂ ಕಡಿ ಹಾಕ್ಕೋಬಹುದು ಬಾಯಿ" ಎಂದ ಪುಣ್ಯಾತ್ಮ.

ಟೆರಿಲೀನ್ 1941ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪಾಲಿಯೆಸ್ಟರಿನ ವ್ಯಾಪಾರದ ಹೆಸರು. ಇಲ್ಲಿ ಠಾಣೆಯ ಕಾರ್ಖಾನೆಯಿಂದ 1960ರ ದಶಕದಲ್ಲಿ ಟೆರೀನ್ ಎಂಬ ಹೆಸರಿನಲ್ಲಿ ಹೊರಬಂತು. ಹತ್ತಿ ಬೆರೆಸಿದ್ದು ಟೆರಿಕಾಟ್. ಒಂದು ಕಂಪನಿಯ ಹೆಸರು ನೋಡನೋಡುತ್ತಾ ಇಡೀ ದೇಶದ ಬಟ್ಟೆಯ ಹೆಸರಾಯಿತು. ಮೇ ತಿಂಗಳಲ್ಲಿ ಊರಿಗೆ ಹೊರಟರೆ ಯಾದಿ ಬರುತ್ತಿತ್ತು: ಮಾಸ್ತರರಿಗೆ ಟೆರಿಕಾಟ್ ಪ್ಯಾಂಟಿನ ಅರಿವಿ, ಮದುವೆ ಗಂಡಿಗೆ ಟೆರಿಲೀನ್ ಅಂಗಿ. ಬಿಸಿಲಿನ ಹುನಗುಂದದಲ್ಲಿ ಆ ಅಂಗಿ ತೊಟ್ಟವರ ಬೆನ್ನು ಬೇಯುತ್ತಿತ್ತು. ಆದರೂ ಮಾನ ಅದಕ್ಕೇ. ಕೈಮಗ್ಗದ ಊರಿನ ಜನ ನೂರು ಮೈಲಿಯಾಚೆಯಿಂದ ಟೆರಿಕಾಟ್ ತರಿಸಿಕೊಳ್ಳುತ್ತಿದ್ದರಲ್ಲ, ಅದನ್ನೂ ಈ ಇತಿಹಾಸದಲ್ಲಿ ಬರೆದಿಡಬೇಕು. ತಪ್ಪೆಲ್ಲ ಮಾರುವವನದೇ ಎನ್ನಲು ಆಗದು.

1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕೆಲಸಗಾರರು ಕೆಲಸ ನಿಲ್ಲಿಸಿದರು. ಆ ಮುಷ್ಕರದ ಕಥೆ ಬೇರೆಯವರು ಬರೆದಿದ್ದಾರೆ, ನಾನು ಪದದ ಮಾತಷ್ಟೇ ಹೇಳುತ್ತೇನೆ. ಗಿರಣಿಗಳು ಮುಚ್ಚಿದ್ದವು, ಆದರೆ ಪೇಟೆಯಲ್ಲಿ 'ಮಿಲ್ ಬಟ್ಟೆ' ನಿಲ್ಲಲಿಲ್ಲ. ಭಿವಂಡಿಯ ಯಂತ್ರಮಗ್ಗಗಳಲ್ಲಿ ನೇಯ್ದ ಬಟ್ಟೆಗೆ ಗಿರಣಿಯ ಹೆಸರಿನ ಮುದ್ರೆ ಬೀಳುತ್ತಿತ್ತು. ಮುಷ್ಕರಕ್ಕೆ ಮೊದಲೇ ಶುರುವಾಗಿದ್ದ ಈ ಪದ್ಧತಿ ಆಮೇಲೆ ರೂಢಿಯೇ ಆಯಿತು. ಲಾಲಬಾಗ್, ಪರಳದ ಚಾಳುಗಳಲ್ಲಿ ಒಲೆ ಉರಿಯುತ್ತಿರಲಿಲ್ಲ, ಅವರು ಕೆಲಸ ಮಾಡುತ್ತಿದ್ದ ಗಿರಣಿಯ ಹೆಸರು ಮಾತ್ರ ಥಾನಿನ ಮೇಲೆ ಹೊಳೆಯುತ್ತಿತ್ತು. ಹೆಸರು ಒಂದು ಕಡೆ, ಕೆಲಸ ಇನ್ನೊಂದು ಕಡೆ. ಇದು ಅಂದೇ ಪಕ್ಕಾ ಆಯಿತು. ಈಗಿನ ದೊಡ್ಡ ಬ್ರಾಂಡುಗಳು ಮಾಡುವುದೂ ಅದನ್ನೇ, ಅದಕ್ಕೆ ಈಗ ಮುಷ್ಕರದ ನೆಪ ಬೇಕಿಲ್ಲ.

ಫಾರಿನ್ ಮಾಲಿನ ಕಾಲವನ್ನು ಬೇಗ ದಾಟಿಬಿಡುತ್ತೇನೆ. ದೇಶ ವಿಭಜನೆಯಾದಾಗ ಕಲ್ಯಾಣದ ಬಳಿಯ ಶಿಬಿರಕ್ಕೆ ಬಂದ ಸಿಂಧಿಗಳು ಉಲ್ಲಾಸನಗರ ಕಟ್ಟಿದರು, ಬಟ್ಟೆ ಹೊಲಿದರು, ಬೇಕಾದ ಲೇಬಲ್ಲನ್ನೂ ಹಚ್ಚಿದರು. ಮೇಡ್ ಇನ್ ಯು.ಎಸ್.ಎ. ಎಂದರೆ ಉಲ್ಲಾಸನಗರ ಸಿಂಧಿ ಅಸೋಸಿಯೇಷನ್ ಎಂಬ ನಗೆಮಾತು ಮುಂಬಯಿಯ ಪ್ರತಿಯೊಬ್ಬನಿಗೂ ಬರುತ್ತದೆ. ಎಲ್ಲವನ್ನೂ ಕಳೆದುಕೊಂಡು ಬಂದವರು ಹೊಟ್ಟೆ ಹೊರೆದ ಬಗೆ ಅದು. ನಗುವವರು ಇದನ್ನೂ ನೆನೆಯಬೇಕು. ಆಮೇಲೆ 'ಎಕ್ಸ್‌ಪೋರ್ಟ್ ಸರ್‌ಪ್ಲಸ್' ಬಂತು. ಶ್ರೀಮಂತ ದೇಶಗಳು 1974ರಿಂದ 2004ರವರೆಗೆ ಪ್ರತಿ ದೇಶದಿಂದ ಇಂತಿಷ್ಟೇ ಬಟ್ಟೆ ಎಂದು ಕೋಟಾ ಇಟ್ಟಿದ್ದವು. ಕೋಟಾ ಮೀರಿದ್ದು, ಗಡುವು ತಪ್ಪಿದ್ದು, ಹೊಲಿಗೆ ಕೆಟ್ಟದ್ದು ಇಲ್ಲಿಯ ಫುಟ್‌ಪಾತಿಗೆ ಬರುತ್ತಿತ್ತು. ತಿರಸ್ಕಾರಗೊಂಡ ಮಾಲನ್ನು 'ಎಕ್ಸ್‌ಪೋರ್ಟ್ ಕ್ವಾಲಿಟಿ' ಎಂದು ಮಾರುವುದಕ್ಕೆ ಎದೆ ಬೇಕು. ಆಜಾದ್ ಮೈದಾನದ ಪಕ್ಕದ ಫ್ಯಾಶನ್ ಸ್ಟ್ರೀಟಿನವರಿಗೆ ಅದಿತ್ತು.

ದೋಷವನ್ನೇ ಗುಣ ಮಾಡಿ ಮಾರಿದ್ದರಲ್ಲಿ ಮೊದಲ ಬಹುಮಾನ ಮಾತ್ರ ಅಮೆರಿಕದವರಿಗೆ ಸಲ್ಲಬೇಕು. 1958ರ ಕಥೆಯನ್ನು ರಫ್ತಿನ ಹಳಬರು ಇಂದಿಗೂ ಹೇಳುತ್ತಾರೆ. ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದ ಕಣ್ಣೂರಿನ ಕೃಷ್ಣನ್ ನಾಯರ್ ಆಗ ಕೈಮಗ್ಗದ ಬಟ್ಟೆ ಕಳಿಸುತ್ತಿದ್ದರು. ಮದ್ರಾಸ್ ಚೌಕಳಿಯ ಸಾವಿರಾರು ಗಜ ನ್ಯೂಯಾರ್ಕಿಗೆ ಹೋಯಿತು. ತಣ್ಣೀರಿನಲ್ಲಿ ಮೆಲ್ಲಗೆ ಒಗೆಯಿರಿ ಎಂಬ ಸೂಚನೆ ಕೊಳ್ಳುವವರಿಗೆ ಮುಟ್ಟಲಿಲ್ಲ. ಬಣ್ಣ ಬಿಟ್ಟಿತು, ರಂಪ ಆಯಿತು. ಕೋರ್ಟಿಗೆ ಹೋಗುವ ಬದಲು ಜಾಹೀರಾತಿನವರನ್ನು ಕರೆಸಿದರು. ಬಣ್ಣ ಬಿಡುವುದು ಗ್ಯಾರಂಟಿ, ಪ್ರತಿ ಸಲ ಒಗೆದಾಗ ಹೊಸ ಬಣ್ಣದ ಅಂಗಿ ಎಂದು ಬರೆಸಿದರು. 'ಬ್ಲೀಡಿಂಗ್ ಮದ್ರಾಸ್' ಹುಚ್ಚು ಹಿಡಿದಂತೆ ಮಾರಾಟವಾಯಿತು. ಅದೇ ಬಟ್ಟೆಯ ಲುಂಗಿ ಬಣ್ಣ ಬಿಟ್ಟರೆ ನಮ್ಮ ಊರಿನಲ್ಲಿ ಅಂಗಡಿಯವನ ಮುಖದ ಮೇಲೇ ಎಸೆದು ಬರುತ್ತಿದ್ದರು.

ಈಗ ಹೆಚ್ಚು ಮೋಸ ನಡೆಯುವುದು ಊರುಗಳ ಹೆಸರಿನಲ್ಲಿ. ಇಕತ್ ಎಂದರೆ ನೇಯುವ ಮೊದಲೇ ಎಳೆ ಕಟ್ಟಿ ಬಣ್ಣ ಅದ್ದುವುದು. ಹಾಗಿದ್ದ ಮೇಲೆ 'ಇಕತ್ ಪ್ರಿಂಟ್' ಎಂಬುದು ಇರಲು ಸಾಧ್ಯವೇ ಇಲ್ಲ, ಆದರೆ ಹೈದರಾಬಾದಿನಿಂದ ಮುಂಬಯಿವರೆಗೆ ಅದೇ ಮಾರುತ್ತದೆ. ಕಲಂಕಾರಿಯಲ್ಲಿ ಕಲಮು ಇಲ್ಲ. 'ಸೆಮಿ ಪೈಠಣಿ' ಎಂದರೆ ಅರ್ಧ ಯಾವುದು ಎಂದು ಹೇಳುವವರಿಲ್ಲ. 'ಟೆಸ್ಟೆಡ್ ಜರಿ' ಎಂದಾಗ ಪರೀಕ್ಷೆ ಮಾಡಿದ ಅಸಲಿ ಜರಿ ಎಂದು ಹೆಣ್ಣಿನ ತಾಯಿ ತಲೆಯಾಡಿಸುತ್ತಾಳೆ. ಪೇಟೆಯ ಭಾಷೆಯಲ್ಲಿ ಅದಕ್ಕೆ ತಾಮ್ರದ ತಂತಿಯ ಮೇಲಿನ ಲೇಪ ಎಂದೇ ಅರ್ಥ.

ಮೈಸೂರು ಸಿಲ್ಕಿನದು ಇದರ ತಲೆಕೆಳಗು. 'ಹ್ಯಾಂಡ್‌ಲೂಮ್ ಮೈಸೂರ್ ಸಿಲ್ಕ್' ಎಂದು ಮಾಟುಂಗಾದಲ್ಲಿ ಮಾರುತ್ತಾರೆ, ಕೈಮಗ್ಗ ಎಂದರೆ ಬೆಲೆ ಏರುತ್ತದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನ ಮಗ್ಗ ತರಿಸಿ ಶುರು ಮಾಡಿದ ಕಾರ್ಖಾನೆಯ ಸೀರೆ ಮೊದಲಿನಿಂದಲೂ ಯಂತ್ರಮಗ್ಗದ್ದು. ಅದರ ಗೌರವ ಕೈಮಗ್ಗದ್ದಲ್ಲ, ರೇಷ್ಮೆಯದು ಮತ್ತು ಜರಿಯದು: ನೂರರಲ್ಲಿ 65 ಭಾಗ ಬೆಳ್ಳಿ, 0.65 ಭಾಗ ಚಿನ್ನ ಎಂದು ನಿಗಮ ಬರೆದೇ ಕೊಡುತ್ತದೆ. ಪ್ರತಿ ಸೀರೆಗೂ ಅದರದೇ ನಂಬರಿದೆ. ಅಸಲಿ ಮೈಸೂರು ಸಿಲ್ಕನ್ನು ಕೈಮಗ್ಗದ್ದೆಂದು ಯಾರಾದರೂ ಹೊಗಳಿದರೆ ಅವನ ಕೈಯಲ್ಲಿರುವುದು ಅಸಲಿಯಲ್ಲ ಎಂದೇ ತಿಳಿಯಿರಿ.

ಕಾನೂನು ಇಲ್ಲವೆಂದಲ್ಲ. 1985ರಲ್ಲಿ 22 ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟು ಕಾಯ್ದೆ ಮಾಡಿದರು, 1996ರಲ್ಲಿ ಅದನ್ನು 11ಕ್ಕೆ ಇಳಿಸಿದರು. 2004ರಲ್ಲಿ ಸಿಲ್ಕ್ ಮಾರ್ಕ್, 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್ ಬಂದವು. ಇಳಕಲ್ ಸೀರೆಗೂ ಜಿ.ಐ. ಎಂಬ ಊರಿನ ಗುರುತಿನ ಮಾನ್ಯತೆ ಇದೆ. ಆದರೆ 'ಪ್ಯಾಟರ್ನ್', 'ಲುಕ್', 'ಫೀಲ್', 'ಇನ್‌ಸ್ಪೈರ್ಡ್' ಎಂಬ ಬಾಲ ಹಚ್ಚಿದರೆ ಕಾಯ್ದೆಯ ಕೈಗೆ ಹಿಡಿಯುವುದು ಕಷ್ಟ. 2009-10ರ ಗಣತಿಯಲ್ಲಿ ದೇಶದ ಕೈಮಗ್ಗದ ಕೆಲಸಗಾರರು 43.31 ಲಕ್ಷ. 2019-20ರಲ್ಲಿ 35.22 ಲಕ್ಷ. ಹತ್ತು ವರ್ಷದಲ್ಲಿ ಎಂಟು ಲಕ್ಷ ಜನ ಮಗ್ಗದಿಂದ ಎದ್ದುಹೋದರು. ಎಲ್ಲರೂ ಒಂದು ಪದದಿಂದ ಎದ್ದರು ಎಂದು ನಾನು ಹೇಳುವುದಿಲ್ಲ. ಆದರೆ ಎರಡು ದಿನಕ್ಕೂ ಹೆಚ್ಚು ಕೂತು ಕೊಂಡಿ ಹಾಕಿ ನೇಯ್ದದ್ದೂ, ಗಂಟೆಗಳಲ್ಲಿ ಯಂತ್ರದಿಂದ ಇಳಿದದ್ದೂ ಒಂದೇ ಹೆಸರಿನಲ್ಲಿ ಒಂದೇ ಗಲ್ಲೆಯ ಮುಂದೆ ಬಂದು ನಿಂತರೆ ಗಿರಾಕಿ ಯಾವುದನ್ನು ಒಯ್ಯುತ್ತಾಳೆ?

ಈಚಿನ ವರ್ಷಗಳಲ್ಲಿ ಖಣದ ಸರದಿ ಬಂದಿದೆ. ಗುಳೇದಗುಡ್ಡದ ಖಣ ಎಂದರೆ ಕುಪ್ಪಸದ ಬಟ್ಟೆ, ದೇವಿಗೆ ಉಡಿ ತುಂಬುವ ಬಟ್ಟೆ. ಮರಾಠಿಯವರೂ ಖಣ, ನಾರಳ ಇಟ್ಟೇ ಓಟಿ ತುಂಬುತ್ತಾರೆ. ಅವರ ಹಬ್ಬ, ನಮ್ಮ ಮಗ್ಗ. ಆ ಖಣ ಈಗ ಮುಂಬಯಿ ಪುಣೆಗಳಲ್ಲಿ ದೊಡ್ಡ ಫ್ಯಾಶನ್. ಖಣದ ಸೀರೆ, ಖಣದ ಪರ್ಸು, ಖಣದ ತೋರಣ, ಗಣಪತಿಯ ಹಿಂದಿನ ಪರದೆಯೂ ಖಣದ್ದೇ. 'ಟ್ರೆಡಿಷನಲ್ ಮಹಾರಾಷ್ಟ್ರಿಯನ್ ಖಣ್' ಎಂದು ಬರೆದ ಚೀಟಿ. ಹೆಚ್ಚಿನದು ಯಂತ್ರಮಗ್ಗದ ಪಾಲಿಯೆಸ್ಟರ್. ಮೊನ್ನೆ ನವರಾತ್ರಿಗೆ ಡೊಂಬಿವಲಿಯ ನಮ್ಮ ಸೊಸೈಟಿಯ ಹೆಣ್ಣುಮಕ್ಕಳು ಎಲ್ಲರೂ ಖಣದ ಸೀರೆ ಉಡುವುದೆಂದು ಠರಾಯಿಸಿದರು. ನಮ್ಮಾಕಿ ತನ್ನ ತವರಿನಿಂದ ಬಂದ ಹಳೆಯ ಎರಡು ಖಣ ತೆಗೆದು ತೋರಿಸಿದಳು. ಪಕ್ಕದ ಮನೆಯ ಮರಾಠಿ ತಾಯಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, ಇದು ಬೇರೆಯೇ ಇದೆಯಲ್ಲ ಎಂದರು. ಹತ್ತಿ ರೇಷ್ಮೆ ಎರಡೂ ಇದೆ, ಅದಕ್ಕೇ ಮೆತ್ತಗೆ ಭಾರ ಎಂದು ಇವಳು ಹೇಳಿದಳು. ಎಲ್ಲಿ ಸಿಗುತ್ತದೆ ಎಂದು ಅವರು ಕೇಳಿದರು, ಊರಿನ ಹೆಸರನ್ನು ಎರಡು ಸಲ ಹೇಳಿಸಿ ಮರಾಠಿಯಲ್ಲಿ ಚೀಟಿಯ ಮೇಲೆ ಬರೆದುಕೊಂಡರು.

ನೀವು ಊರಲ್ಲೇ ಇರುವವರು, ಮುಂದಿನ ಸಲ ಇಳಕಲ್ ಎಂದು ಯಾರಾದರೂ ಮುಂದೆ ಹಾಕಿದರೆ ಅಂಚು ನೋಡಬೇಡಿ. ಸೆರಗು ಶುರುವಾಗುವ ಕಡೆ ಬಿಚ್ಚಿ, ಸೀರೆಯ ಹಿಂಬದಿ ತಿರುಗಿಸಿ, ಉಗುರಿನಿಂದ ಮೆಲ್ಲಗೆ ಸವರಿ ನೋಡಿ. ಅಡ್ಡಕ್ಕೆ ಸಣ್ಣ ಸಾಲು ತಡೆಯುತ್ತದೆ. ಎರಡು ಎಳೆ ಕಿತ್ತು ಕಡ್ಡಿ ಕೊರೆದರೂ ಆದೀತು: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ಚಮಕಾ ಕಾಗದದ ಹಾಗೆ ಉರಿಯುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯವನು ಬೇಡ ಎಂದರೆ ಯಾವ ಹೆಸರು ಹೇಳಿದನೋ ಅದನ್ನೇ ಬಿಲ್ಲಿನ ಮೇಲೆ ಬರೆದುಕೊಡಲು ಹೇಳಿ. ಮೂಲಜಿ ಜೇಠಾ ಮಾರ್ಕೆಟ್ಟಿನಲ್ಲಿ ನಾನು ಬರೆದ ಬಿಲ್ಲುಗಳಲ್ಲಿ 'ಪ್ಯೂರ್' ಎಂಬ ಪದ ಬಾಯಲ್ಲಿ ಬಂದಷ್ಟು ಕಾಗದದ ಮೇಲೆ ಬರಲಿಲ್ಲ.